ಓ ಅಕ್ಷರದಲ್ಲಿ

ಎಚ್ ಅಕ್ಷರದಲ್ಲಿ ಎರಡು ದಿನ ಹುಡುಕಿದೆ.
ಕೇಪೆಂ ಕಚೇರಿಯ ಮೇಜಿನ ಮೇಲೆ
ಗೆದ್ದಲು ರುಚಿ ನೋಡಿ ಬಿಟ್ಟ ಮೂರು ದಪ್ಪ ಪುಸ್ತಕ,
ಪೋರ್ಚುಗೀಸ್ ಬರಹದ ಬಳುಕು, ಬಾಲ.
ನನಗೆ ಓದಲು ಬರುವುದು ಅಂಕಿ ಮಾತ್ರ.

ಮೂರನೆಯ ದಿನ, ಊಟದ ಡಬ್ಬಿ ಮುಚ್ಚುತ್ತ
ಕ್ಲೆಮೆಂಟಿನಾ ಬಾಯಿ ಕೇಳಿದಳು,
ಹೆಸರು ಇನ್ನೊಂದು ಸಲ ಹೇಳು.
ಹೊಳೆವ್ವ.
ಆಗ ಬರೆಯುತ್ತಿದ್ದವರ ಕಿವಿಗೆ
ಹ ಅನ್ನುವುದು ಬೀಳುತ್ತಲೇ ಇರಲಿಲ್ಲ, ಅಂದಳು.
ಓ ಅಕ್ಷರದಲ್ಲಿ ನೋಡು.

ಇದ್ದಳು.
ಒಲೆವಾ.

ನವಲಗುಂದದ ಕಡೆ, ಹಳ್ಳ ತುಂಬಿದ ರಾತ್ರಿ ಹುಟ್ಟಿದ್ದಕ್ಕೆ
ನೀರಿನ ಹೆಸರಿಟ್ಟಿದ್ದರಂತೆ.
ಇಲ್ಲಿ ಒಂದು ಉಸಿರು ಬಿಟ್ಟು ಬರೆದು
ಒಲೆಯ ಮುಂದೆ ಕೂರಿಸಿದ್ದಾರೆ.
ಪೂರಾ ಸುಳ್ಳೂ ಅಲ್ಲ ಬಿಡಿ:
ಕುಡ್ಚಡೆಯ ದಂಡೆಯಲ್ಲಿ ಅದಿರು ತುಂಬುವ ಆಳುಗಳಿಗೆ
ಇಪ್ಪತ್ತು ವರ್ಷ ರೊಟ್ಟಿ ಬಡಿದವಳು.

ಇಲ್ಲಿಯ ಮದುವೆಗೆ ಕಚೇರಿಗೆ ಎರಡು ಸಲ ಬರಬೇಕು.
ಮೊದಲು ಬಂದು, ಆಗುತ್ತೇವೆ, ಅನ್ನಬೇಕು.
ಹದಿನೈದು ದಿನ ಗೋಡೆಯ ಮೇಲೆ ಹೆಸರು ತೂಗಿ
ಯಾರದೂ ತಕರಾರಿಲ್ಲದಿದ್ದರೆ
ಮತ್ತೆ ಬಂದು, ಆದೆವು, ಅನ್ನಬೇಕು.
ಕ್ಲೆಮೆಂಟಿನಾ ಬಾಯಿ ಇದನ್ನು ತುಸು ಮೆತ್ತಗೆ ಹೇಳಿದಳು;
ಅಷ್ಟರಲ್ಲಿ ಅವಳು ಪುಟ ಓದಿ ಮುಗಿಸಿದ್ದಳು.

ಐವತ್ತೆಂಟು, ಮಾರ್ಚ್ ಮೂರು: ಎರಡು ಹೆಬ್ಬೆಟ್ಟು.
ಮುತ್ಯಾನದು ಅದಿರಿನ ಧೂಳು ಕಲಸಿದ ಮಸಿ, ಬರೀ ಗುಡ್ಡೆ.
ಆಯಿಯದು ಸ್ವಚ್ಛ, ಒಂದೊಂದು ಗೆರೆಯೂ ಎಣಿಸಬಹುದು,
ನಡುವೆ ಸುಳಿ.
ಹೊಳೆ ಅಳಿಸಿದವರಿಗೆ ಸುಳಿ ಗೊತ್ತಾಗಿಲ್ಲ.

ಮಾರ್ಚ್ ಹದಿನೆಂಟು: ಒಂದು.
ಅವಳದು.
ಪಕ್ಕದ ಚೌಕದಲ್ಲಿ ಬರೀ ಕಾಗದ.

ಓಡಿಹೋದವನಲ್ಲ ಮುತ್ಯಾ.
ನನಗೆ ಎಂಟು ವರ್ಷವಾಗುವ ತನಕ ಅದೇ ಜಗಲಿಯಲ್ಲಿ ಕೂತು
ಅವಳು ಕೊಟ್ಟ ರೊಟ್ಟಿಯನ್ನೇ ಮುರಿದು ತಿಂದು
ಅವಳ ತೊಡೆಯ ಮೇಲೆಯೇ ಕಣ್ಣು ಮುಚ್ಚಿದವನು.
ಜಗಳ ಬಂದಾಗಲೆಲ್ಲ ಆಯಿ ಒಂದೇ ಮಾತು ಎತ್ತುತ್ತಿದ್ದಳು,
ಒಂದ ದಿನದ ಪಗಾರ ದೊಡ್ಡದಾತು ನಿನಗ.
ಯಾವ ದಿನ ಎಂದು ನಾವ್ಯಾರೂ ಕೇಳಿರಲಿಲ್ಲ.
ಆ ದಿನದ ಮೇಲೆ ಈಗ ನನ್ನ ಬೆರಳಿತ್ತು.

ಹೋದ ತಿಂಗಳು ಪಣಜಿಯಲ್ಲಿ ಜನಗಣತಿಯ ಪುಸ್ತಕ ತೆಗೆಸಿದ್ದೆ.
ಅದರಲ್ಲಿ ಹೆಸರೇ ಇಲ್ಲ, ತಲೆಗಳು ಮಾತ್ರ.
ನದಿ ದಂಡೆಯ ಆ ಕೇರಿಯಲ್ಲಿ
ಮದುವೆಯಾದ ಗಂಡಸರು ಅರವತ್ತೊಂದು,
ಮದುವೆಯಾದ ಹೆಂಗಸರು ಅರವತ್ತೆರಡು.
ಯಾರದೋ ಗಂಡ ಹಡಗಿನ ಮೇಲಿರಬಹುದು,
ಕೂಡಿಸಿದವನು ತೂಕಡಿಸಿರಬಹುದು ಎಂದು ಮುಂದೆ ಹೋಗಿದ್ದೆ.
ಎಣಿಸಲು ಬಂದವನಿಗೆ ಬಾಗಿಲಲ್ಲಿ ನಿಂತು,
ಹಿಟ್ಟಿನ ಕೈ ಸೆರಗಿಗೆ ಒರೆಸುತ್ತ,
ಆಗೇತಿ, ಬರ್ಕೋ, ಅಂದಿರಬೇಕು ಆಯಿ.
ಆತ ಏನಂದನೋ.

ನಕಲು ಯಾವುದರದ್ದು ಕೊಡಲಿ, ಕ್ಲೆಮೆಂಟಿನಾ ಬಾಯಿ ಕೇಳಿದಳು,
ಮದುವೆ ಪೂರ್ತಿಯಾಗಿಲ್ಲವಲ್ಲ.
ಎಷ್ಟಾಗಿದೆಯೋ ಅಷ್ಟರದ್ದು ಕೊಡಿ, ಅಂದೆ.
ಅವಳು ಮುದ್ರೆಗೆ ಬಾಯಿಂದ ಹಬೆ ಊದಿ ಒತ್ತಿದಳು.

ಹೊರಗೆ ಬೆಂಚಿನ ಮೇಲೆ ಅವ್ವ,
ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ.
ಸಿಕ್ಕಳೇನ?
ಸಿಕ್ಕಳು.
ಅಪ್ಪ?
ಅರ್ಧ.

ಬಸ್ಸಿನಲ್ಲಿ ಅವ್ವ ಆ ಹಾಳೆಯನ್ನು
ಒಮ್ಮೆ ನೆಟ್ಟಗೆ, ಒಮ್ಮೆ ತಲೆಕೆಳಗಾಗಿ ಹಿಡಿದು ನೋಡಿದಳು.
ಸೇತುವೆ ಬಂತು. ಕೆಳಗೆ ಖಾಲಿ ಬಾರ್ಜು,
ಕೆಂಪು ತುಕ್ಕು, ಯಾರೋ ಒಣಹಾಕಿದ ಒಂದು ಅಂಗಿ.
ಆಮೇಲೆ, ನನಗಲ್ಲ ಎನ್ನುವ ಹಾಗೆ, ಕಿಟಕಿಗೆ ಹೇಳಿದಳು:

ಅಪ್ಪ ಹೊರಗಿಂದ ಕರೀತಿದ್ದ, ಹೊಳೆವ್ವಾ ಅಂತ.
ಒಂದ ಸಲಕ್ಕ ಓ ಅಂತಿರಲಿಲ್ಲ ಆಕಿ.
ಕೇಳಿರ್ತಿತ್ತು.
ಎರಡನೇ ಸಲ ಕರೀಲಿ ಅಂತ
ಸುಮ್ಮನ ಕುಂತಿರ್ತಿದ್ದಳು, ಒಲಿ ಮುಂದ.