ಪ್ರಮಾಣಪತ್ರದ ಬೆನ್ನಿಗೆ

ಕಾರವಾರದ ಕೋರ್ಟಿನೆದುರು ನನ್ನ ಅಂಗಡಿ.
ಎರಡು ಝೆರಾಕ್ಸ್, ಒಂದು ಕಂಪ್ಯೂಟರು,
ಗೋಡೆಗೆ ಆನಿಸಿದರೆ ಮಾತ್ರ ನಿಲ್ಲುವ ಸ್ಟೂಲು.
ದಿನಕ್ಕೆ ನಾಲ್ಕೈದು ಹಾಳೆ ಹಾಳಾಗುತ್ತವೆ:
ಹೆಸರಿನ ದೀರ್ಘ ಬಿಟ್ಟುಹೋಗಿ,
ಚಕ್ಕುಬಂದಿಯ ಪೂರ್ವ ಪಶ್ಚಿಮವಾಗಿ,
ಒಮ್ಮೆಯಂತೂ ಬದುಕಿದ್ದವರನ್ನೇ ಮೃತರ ಸಾಲಿಗೆ ಸೇರಿಸಿ.
ಅವರೇ ಬಂದು ತಿದ್ದಿಸಿಕೊಂಡು ಹೋದರು, ನಗುತ್ತ,
ಹತ್ತು ರೂಪಾಯಿ ಕೊಟ್ಟು.
ಆ ಹಾಳೆಗಳನ್ನು ನಾನು ಬಿಸಾಡುವುದಿಲ್ಲ.
ಮುಂದೆ, ಮೇಲೆ ಹೇಳಿದ್ದೆಲ್ಲ ನನ್ನ ತಿಳಿವಿನ ಮಟ್ಟಿಗೆ ಸತ್ಯ.
ಹಿಂದೆ, ನನ್ನ ಕಾದಂಬರಿ.

ಪುರ್ಸೋ ದೋಣಿ ಹತ್ತಿ ಇಂದಿಗೆ ಇಪ್ಪತ್ತೆರಡು ದಿನ.
ಕೋಡಿಬಾಗದಿಂದ ದೇವಬಾಗಕ್ಕೆ ಎಷ್ಟು ದಾರಿ?
ಒಂದೆರಡು ಬೀಡಿ ಮುಗಿಯಬೇಕು, ಅಷ್ಟೆ.
ನನ್ನ ಕೈಯಲ್ಲಿ ಸಿಕ್ಕಿ ಕಾಳಿಯ ನಡುವೆ ಕೂತೇ ಇದ್ದಾನೆ,
ಮಡಿಲಲ್ಲಿ ತಂಗಿಗೆಂದು ಕೊಂಡ ಹೊಲಿಗೆಯಂತ್ರದ ಚಕ್ರ.
ಇಳಿದು ಅವಳಿಗೆ ಏನು ಹೇಳಬೇಕೋ
ಅವನಿಗೂ ಗೊತ್ತಿಲ್ಲ, ನನಗೂ.
ಹುಟ್ಟು ಹಾಕುವವನಿಗೆ ಇನ್ನೂ ಹೆಸರೇ ಇಟ್ಟಿಲ್ಲ.
ಪಾಪ, ಎಷ್ಟು ನೋಯುತ್ತಿರಬಹುದು ಅವನ ತೋಳು.

ಹಾಗಂತ ದುಃಖವೇನಿಲ್ಲ.
ಬೆಳಿಗ್ಗೆ ಐದೂವರೆಗೆ ಹೊಸ ರೀಫಿಲ್ ಹಾಕಿ
ಶಾಯಿ ಇಳಿಯುವತನಕ ಅಂಚಿನಲ್ಲಿ ಸುರುಳಿ ಸುತ್ತಿದೆ.
ಸುತ್ತುತ್ತ ಸುತ್ತುತ್ತ ಒಂದು ಸಾಲು ಬಂತು. ಹೊಡೆದುಹಾಕಿದೆ.
ಹೊಡೆದದ್ದರ ಕೆಳಗೆ ಅದನ್ನೇ ಮತ್ತೆ ಬರೆದೆ.
ಬೈತಖೋಲದ ಕಡೆ ಟ್ರಾಲರುಗಳು ಗುಡುಗುಟ್ಟಿದವು,
ಹಾಲು ಉಕ್ಕಿತು,
ಒಂದು ಅಲ್ಪವಿರಾಮ ತೆಗೆದೆ.
ಇದನ್ನು ಕೆಲಸವೆಂದು ಯಾರ ಮುಂದೆ ಹೇಳಲಿ?

ಮನೆಯಲ್ಲಿ ನಮ್ಮದು ಕೊಂಕಣಿ.
ಪಾತ್ರಗಳೂ ಕೊಂಕಣಿಯಲ್ಲೇ ಜಗಳಾಡುತ್ತಾರೆ,
ಕನ್ನಡದಲ್ಲಿ ಬಿಡಿಸುವುದು ನನ್ನ ಪಾಲು.
ಕೆಲವು ಬೈಗುಳ ಈ ದಡ ಮುಟ್ಟುವಷ್ಟರಲ್ಲಿ
ನೆನೆದ ಅವಲಕ್ಕಿಯಂತೆ ಮೆತ್ತಗಾಗುತ್ತವೆ.
ಒಂದೊಂದು ಮಾತ್ರ, ದೇವರ ದಯೆ, ಗಟ್ಟಿಯಾಗಿಯೇ ಉಳಿಯುತ್ತದೆ.
ಆ ದಿನ ನಾನು ಮಧ್ಯಾಹ್ನ ಎರಡು ಚಹಾ ಕುಡಿಯುತ್ತೇನೆ.

ಇವತ್ತು ಪೇಟೆಯಲ್ಲಿ ತಾರಾಮತಿ ತಾಂಡೇಲ
ಗೆರಟೆಯಲ್ಲಿ ತಿಸ್ರೆ ಅಳೆಯುತ್ತ ಪಕ್ಕದವಳಿಗೆ ಹೇಳುತ್ತಿದ್ದಳು:
"ಸುಕ್ತಿ ಬಿದ್ದಿತ್ತಲ್ಲ, ದೋಣಿ ಮರಳಿಗೆ ಕೂತ್ಬಿಡ್ತು.
ಎಲ್ರೂ ಇಳಿದು ನಡೆದೇ ಬಂದ್ವಿ,
ಮದುಮಗಳೂ."

ಮದುಮಗಳೂ!
ಚಿಲ್ಲರೆ ಬಿಟ್ಟು, ತಿಸ್ರೆ ಬಿಟ್ಟು ಓಡಿದೆ.
ಹಿಂದಿನಿಂದ ಅವಳು ಕೂಗಿದ್ದು ಕೇಳಿಸಿತು,
ಅದನ್ನೂ ಒಂದು ದಿನ ಬಳಸುತ್ತೇನೆ.
ಬಾಂದೇಕರ ವಕೀಲರು ವಕಾಲತ್ತು ಹಿಡಿದು ಕಾದರು,
ನಾನು ಯಾರದೋ ವಾರಸಾ ಅರ್ಜಿಯ ಬೆನ್ನಿಗೆ
ನೀರು ಇಳಿಸಿದೆ. ದೋಣಿ ಕೂತಿತು.
ಪುರ್ಸೋ ಪ್ಯಾಂಟು ಮಡಚಿ
ಚಕ್ರವನ್ನು ತಲೆಯ ಮೇಲಿಟ್ಟು
ಮೊಣಕಾಲುದ್ದದ ಕಾಳಿಯಲ್ಲಿ ನಡೆಯತೊಡಗಿದ.
ಹಿಂದೆ ಹುಟ್ಟು ಹೊತ್ತುಕೊಂಡು ಬಂದವನಿಗೆ
ತಾನಾಗಿಯೇ ಹೆಸರು ಬಂತು: ರಾಯು.
ಒಟ್ಟು ಹನ್ನೊಂದು ಸಾಲು.
ವಕೀಲರಿಗೆ ರಿಯಾಯಿತಿ ಕೊಟ್ಟೆ, ಏಕೆಂದು ಅವರು ಕೇಳಲಿಲ್ಲ.

ಒಂದು ಮಾತು ಹೇಳುವುದು ಉಳಿಯಿತು.
ಹೋದ ತಿಂಗಳು ಅವಸರದಲ್ಲಿ
ಅರವತ್ತೊಂದನೆಯ ಪುಟ ಯಾವುದೋ ದಾವೆಯ ಕಡತದೊಳಗೆ ಹೋಗಿತ್ತು,
ಚಕ್ರವನ್ನು ಕೊಳ್ಳುವ ಪುಟ.
ಹುಡುಕಿ ಹುಡುಕಿ ಬಿಟ್ಟುಬಿಟ್ಟಿದ್ದೆ.

ಸಂಜೆ ಬಾಗಿಲು ಎಳೆಯುವ ಹೊತ್ತಿಗೆ
ಕೋರ್ಟಿನ ಶಿರಸ್ತೇದಾರರು ಬಂದರು, ಮುಂದಿನ ತಿಂಗಳು ನಿವೃತ್ತಿ,
ನಗುವುದನ್ನು ನಾನಂತೂ ಕಂಡಿಲ್ಲ.
ಆಧಾರ್ ಕಾರ್ಡಿನ ಒಂದು ಪ್ರತಿ ತೆಗೆಸಿದರು.
ದುಡ್ಡು ಕೊಟ್ಟರು. ಹೋಗಲಿಲ್ಲ.
ಆಮೇಲೆ, ಕೌಂಟರಿನ ಗಾಜನ್ನು ನೋಡುತ್ತ, ಮೆಲ್ಲಗೆ:
"ಆ ಚಕ್ರ... ತಂಗಿಗೆ ಮುಟ್ಟಿತಾ?"

"ದಾರಿಯಲ್ಲಿದ್ದಾನೆ," ಎಂದೆ. "ಸುಕ್ತಿ. ನಡೆದು ಬರಬೇಕು."

ಅವರು ವಾಚು ನೋಡಿಕೊಂಡರು,
ಭರತಿಗೆ ಇನ್ನೆಷ್ಟು ಹೊತ್ತು ಎಂದು
ಲೆಕ್ಕ ಹಾಕುವವರ ಹಾಗೆ.