ಹಿಂದಿನ ಗಾಲಿ

ಬೆಟಗೇರಿ ಮನಿ ಪಡಸಾಲ್ಯಾಗ
ಅವ್ವ ಕಂಡಿಕಿ ಸುತ್ತತಾಳ.
ರಾಟಿಗೆ ಹಾಕಿದ ರಿಮ್ಮು ನಂದು,
ಹದಿನೇಳು ವರ್ಷ ತುಳದ ಮ್ಯಾಲ
ಕಡೀ ರೇಸಿನ ಸೈಕಲ್ಲಿಂದ ಬಿಚ್ಚಿ ತಂದ ಹಿಂದಿನ ಗಾಲಿ.
ಟೈರಿಲ್ಲ, ಟ್ಯೂಬಿಲ್ಲ, ಮೂರು ಕಡ್ಡಿ ಮುರದಾವ.
ಆದ್ರೂ ತಿರಗತೈತಿ.

ಹಾಸ್ಟೆಲ್ಲಿಗೆ ಸೇರಿದಾಗ ನನಗ ಹನ್ನೆರಡು.
ಮುಳಗುಂದ ರೋಡಿನ ಮ್ಯಾಲ ನಿಲ್ಲಿಸಿ
‘ಗಾಳಿ ಎಲ್ಲಿಂದ ಬರತೈತಿ ಹೇಳು’ ಅಂದ್ರು ಹಳ್ಳೂರ ಸರ್.
ನಾ ಸುಮ್ಮನ ಆ ಕಡೆ ಕೆನ್ನಿ ತಿರುವಿದೆ.
‘ಇಕಿ ಗೆಲ್ಲಾಕಲ್ಲ, ಗೆಲ್ಲಿಸಾಕ’
ಅಂತ ವಹಿಯೊಳಗ ಬರಕೊಂಡಿದ್ರಂತ.
ನನಗ ಗೊತ್ತಾಗಿದ್ದು ಇಪ್ಪತ್ತೆಂಟಕ್ಕ.

ಗಾಳಿಗೆ ಎದಿ ಕೊಡೋದು ನನ್ನ ಕೆಲಸ.
ಹಿಂದ, ಒಂದು ಗೇಣಿನ ಅಂತರದಾಗ, ಇಂಫಾಲದ ತೋಂಬಿ.
ನೂರು ಕಿಲೋಮೀಟರು ಅಕಿ ಉಸಿರು ನನ್ನ ಕಿವ್ಯಾಗ.
ಕಡೀ ಮುನ್ನೂರು ಮೀಟರಿಗೆ ನಾ ಬಲಕ್ಕ ಸರೀಬೇಕು,
ಬಾಗಲಾ ತಗದಂಗ,
ಅಕಿ ಹಾರಿ ಹೋಗಬೇಕು.
ಪೇಪರಿನ ಫೋಟೋದಾಗ ನಾ
ಬರೇ ಒಂದು ಮೊಣಕೈ.

ನೋಡಾಕ ಬಂದ ಬೀಗರು ನನ್ನ ಕೈ ನೋಡಿದ್ರು,
ಮುಂಗೈ ಬೆಳ್ಳಗ, ಮಣಿಕಟ್ಟಿನ ಮ್ಯಾಲ ಕರ್ರಗ.
‘ಎರಡು ಹೆಣ್ಣು ಕೂಡಿಸಿ ಹೊಲದಂಗ ಐತೆಲ್ಲ!’
ಅಂದ್ಲು ಒಬ್ಬಾಕಿ, ಚಾ ಕುಡಕೋತ.
ನಾ ನಕ್ಕೆ. ಖರೇನ ಅಂದಿದ್ಲು.

ಒಮ್ಮೆ, ಒಂದ ಸಲ, ಡೋಣಿ ಏರಿ ಮುಗದ ಮ್ಯಾಲ
ನಾ ಸರೀಲಿಲ್ಲ.
ರಸ್ತೆ ಬಾಜೂಕ ಅವ್ವ ನಿಂತಿದ್ಲು, ಕೈಯಾಗ ಬುತ್ತಿ.
ಒಂದು, ಎರಡು, ಮೂರು ಎಣಿಸೋತನಕ
ರಸ್ತೆ ಪೂರ್ತಿ ನಂದಿತ್ತು.
ಮಹಾರಾಷ್ಟ್ರದ ಹುಡುಗಿ ಎಡಕ್ಕ ಬಂದು
ಇಬ್ಬರನೂ ದಾಟಿ ಹೋದ್ಲು.
ಆ ರಾತ್ರಿ ತೋಂಬಿ ಏನೂ ಅನ್ನಲಿಲ್ಲ,
ನನ್ನ ಪಾಲಿನ ತತ್ತಿ ಸುಲದು
ಉಪ್ಪು ಹಾಕಿ ತಾಟಿನ್ಯಾಗ ಇಟ್ಟಿದ್ಲು.

ಸಿಕ್ಕಿದ್ದು ಏನಂದ್ರ:
ಐದು ಲೀಟರಿನ ಕುಕ್ಕರು.
ಬನಶಂಕರಿ ಅನ್ನೋ ಹೆಸರಿನ ಬದಲು
‘ಭವಾನಿಶಂಕರ್’ ಅಂತ ಬರದ ಸರ್ಟಿಫಿಕೇಟು.
ಹುಬ್ಬಳ್ಳಿ ರೇಲ್ವೆ ಆಫೀಸಿನ್ಯಾಗ ಪಾಸು ಬರಿಯೋ ಕುರ್ಚಿ,
ನೆತ್ತಿ ಮ್ಯಾಲ ಫ್ಯಾನು.
ಗಾಳಿ ಈಗ ಕೂತಲ್ಲೇ ಬರತೈತಿ.
ಕಾಗದ ಹಾರತಾವಂತ ಅದನ್ನೂ ಆರಿಸತೇನಿ.

ಸಂಜಿ ಪ್ಯಾಸೆಂಜರು ಅಣ್ಣಿಗೇರಿ ದಾಟಿದ್ರ
ದೂರ ಗಾಳಿಕಂಬ ಕಾಣತಾವ.
ಅವು ತಿರುಗಿದ್ದಕ್ಕ ಮೀಟರು ಐತಿ,
ಯೂನಿಟ್ಟಿಗೆ ಇಷ್ಟು ಅಂತ ರೊಕ್ಕ ಐತಿ.
ನಾ ಒಡದ ಗಾಳಿ
ನನ್ನ ಹಿಂದ ಮತ್ತ ಕೂಡಿಕೊಂಡು ಹೋತು,
ಕೆರಿ ನೀರಿನಂಗ, ಗುರುತು ಇಲ್ಲದ.

ತೋಂಬಿ ಫೋನ್ ಮಾಡತಿರತಾಳ.
ಅಕಿ ಮಾತು ನಡಬರಕ ನಿಂತಾಗ
ಉಸಿರು ಕೇಳತೈತಿ.
ಕುರ್ಚಿ ಮ್ಯಾಲ ಕೂತಾಕಿ ನಾ ತಂತಾನ
ಒಂದೀಟು ಬಲಕ್ಕ ಸರೀತೇನಿ.

‘ಹಳೇದಕ್ಕಿಂತ ಹಗರ ಐತಿ ಇದು’ ಅಂತಾಳ ಅವ್ವ.
‘ಎಷ್ಟು ಕೊಟ್ಟಿ ಇದಕ್ಕ?’
ನಾ ಎಣಸಾಕ ಕೂತೆ.
ಅಷ್ಟರಾಗ ನೂಲು ಹರೀತು.
ಅಕಿ ಉಗುಳು ಹಚ್ಚಿ ತುದಿ ಹೊಸದು,
ಮತ್ತ ತಿರುವಿದ್ಲು.