ಒಂದು ಸ್ಕ್ರೂ ಹೆಚ್ಚಿಗೆ

ಮಂಡಕ್ಕಿ ಚೀಲದಲ್ಲಿ ಸುತ್ತಿ, ಲೂನಾದ ಹಿಂದೆ ಹಗ್ಗ ಬಿಗಿದು
ಖೈರುನ್ನಿಸಾ ತಂದಿಳಿಸಿದಾಗ
ಒಳಗೇನೋ ಗಲಗಲ ಅಂದಿತು.
"ಸ್ಕ್ರೂ ಒಂದು ಬಿಚ್ಚಿರಬೇಕು" ಅಂದೆ.
"ಒಂದೇ ಆದರೆ ಅಗ್ಗ" ಅಂದಳು.

ಮಂಡಿಪೇಟೆಯಲ್ಲಿ, ಮೆಟ್ಟಿಲ ಅಡಿಯಲ್ಲಿ, ಆರಡಿ ಅಂಗಡಿ ನನ್ನದು.
ಗೋಡೆ ತುಂಬ ಮೊಳೆ, ಮೊಳೆಗೊಂದು ಸತ್ತ ಬೋರ್ಡು.
ನನ್ನ ಲೆಕ್ಕದಲ್ಲಿ ಯಾವುದೂ ಪೂರ್ತಿ ಸತ್ತಿಲ್ಲ:
ಇದರ ಫ್ಯಾನು ಅದಕ್ಕೆ, ಅದರ ಕೇಬಲ್ಲು ಇನ್ನೊಂದಕ್ಕೆ,
ಕೇಳಿದ್ದು ಕಿತ್ತು ಕೊಡುತ್ತವೆ,
ನೆಂಟರ ಹಾಗೆ ಮುಖ ಸಿಂಡರಿಸುವುದಿಲ್ಲ.

ಮುಚ್ಚಳ ತೆಗೆದೆ.
ಈ ಊರಿನ ಕಂಪ್ಯೂಟರುಗಳ ಹೊಟ್ಟೆ ಬಲ್ಲವನು ನಾನು.
ನಿಟುವಳ್ಳಿಯಿಂದ ಬಂದದ್ದರಲ್ಲಿ ಊದುಬತ್ತಿಯ ಬೂದಿ,
ಡಾಕ್ಟರರ ಮನೆಯದರಲ್ಲಿ ಹಲ್ಲಿ ಮೊಟ್ಟೆ,
ದೋಸೆ ಹೋಟೆಲಿನ ಗಲ್ಲಾಪೆಟ್ಟಿಗೆ ಪಕ್ಕದ್ದರಲ್ಲಿ ಬೆಣ್ಣೆ ಜಿಡ್ಡು,
ಬಿಚ್ಚಿದರೆ ಸಾಕು, ಹಸಿವಾಗುತ್ತದೆ.
ಇದರಲ್ಲಿ ಮಸಿ.
ಭಟ್ಟಿಯ ಮಸಿ, ಹೊಟ್ಟು ಉರಿದ ಕರಿ,
ಪ್ರೊಸೆಸರಿನ ಫ್ಯಾನಿನ ಸಂದಿಯಲ್ಲಿ
ಅರಳದೆ ಉಳಿದ ನಾಲ್ಕು ಕಾಳು.

"ಹನ್ನೊಂದು ಭಟ್ಟಿ ಲೆಕ್ಕ ಐತಿ ಇದರಾಗ.
ಯಾರು ಎಷ್ಟು ಚೀಲ ಒಯ್ದರು, ಯಾರ ಬಾಕಿ ಎಷ್ಟು.
ಉಳಿದೋರದ್ದೆಲ್ಲ ಬಾಯಿಲೆಕ್ಕ, ಬರೆಯಾಕಿ ನಾನೊಬ್ಬಳೇ.
ಹೊಸಾದು ತಗೋ ಅನ್ನಬ್ಯಾಡ ಬಕ್ಕೇಶಣ್ಣ.
ಮುನ್ನೂರು ಐತಿ. ಅದರಾಗ ಪೆಟ್ರೋಲಿಗೆ ಐವತ್ತು."

ಸ್ವಿಚ್ಚು ಒತ್ತಿದೆ.
ಬೀಪ್. ಬೀಪ್. ಬೀಪ್.
ಪರದೆ ಕಪ್ಪು.

ಒಂದೇ ಸಲ ಕೂಗಿದರೆ ಕ್ಷೇಮ.
ಮೂರು ಸಲ ಕೂಗಿದರೆ ನೆನಪು ಕೈಕೊಟ್ಟಿದೆ.
ಕೂಗುವುದನ್ನೇ ಬಿಟ್ಟು ಗಪ್ಪಾದರೆ ನನಗೆ ಭಯ.

ಸುಣ್ಣ ಹೊಡೆದು ಮಿಕ್ಕ ಬ್ರಷ್ಷಿನಿಂದ ಮಸಿ ಗುಡಿಸಿದೆ.
ರ‍್ಯಾಮ್ ಕಿತ್ತು, ಮಗಳ ಕಂಪಾಸು ಡಬ್ಬಿಯ ರಬ್ಬರಿನಿಂದ
ಅದರ ಚಿನ್ನದ ಹಲ್ಲು ತಿಕ್ಕಿದೆ. ಐದು ರೂಪಾಯಿ ರಬ್ಬರು,
ಅರ್ಧ ಸವೆದದ್ದು; ಮಗ್ಗಿ ತಪ್ಪಿದಾಗೆಲ್ಲ ಅವಳೂ ಅದರಲ್ಲೇ ಅಳಿಸಿದ್ದಾಳೆ.

ಬೋರ್ಡಿನ ಮೇಲೆ ಎರಡು ಕೆಪಾಸಿಟರು ನೆತ್ತಿ ಉಬ್ಬಿಸಿದ್ದವು.
"ನೋಡು, ಇವೂ ಮಂಡಕ್ಕಿ ಆಗ್ಯಾವ" ಅಂದೆ.
ಬಗ್ಗಿ ನೋಡಿದಳು. ನಗಲಿಲ್ಲ.
"ಮರಳು ಇನ್ನೊಂದೀಟು ಕಾಯಬೇಕಿತ್ತು."
ಕಸುಬಿನವಳು.

ಗೋಡೆಯ ಒಂದು ಬೋರ್ಡಿಂದ ಎರಡು ಕಿತ್ತು ಬೆಸೆದೆ.
ಸೀಸದ ಹೊಗೆ ಬಲ್ಬಿನ ಸುತ್ತ ಸುತ್ತಿ ಹೋಯಿತು.
ಬೀಪ್.
ಒಂದೇ.

ಪರದೆಯ ಮೂಲೆಯಲ್ಲಿ ತಾರೀಖು: ಎರಡು ಸಾವಿರದ ಎರಡು, ಜನವರಿ ಒಂದು.
"ಸೆಲ್ಲು ಸತ್ತೈತಿ. ಮೂವತ್ತು ರೂಪಾಯಿ."
"ಬ್ಯಾಡ. ತಾರೀಖು ನನಗ ಗೊತ್ತೈತಲ್ಲ,
ದಿನಾ ಮುಂಜಾನೆ ನಾನೇ ಹೇಳ್ತೀನಿ ಅದಕ್ಕ."

ರಾತ್ರಿ ಫೋನು. "ಮತ್ತ ಆರಿ ಹೋತು."

ಮರುದಿನ ಭಟ್ಟಿಗಳ ಓಣಿ.
ಚಿಮಣಿಗಳ ಕೆಳಗೆ ಬಿಳಿಯದೆಲ್ಲ ಬೂದುಬಣ್ಣ,
ಮಂಡಕ್ಕಿ ಒಂದನ್ನು ಬಿಟ್ಟು.
ಅವಳ ಮನೆಯಲ್ಲಿ ಒತ್ತಿದೆ: ಎದ್ದಿತು, ಚೆನ್ನಾಗಿಯೇ ಇತ್ತು.
ಚಾ ಬಂತು. ಅರ್ಧ ಕುಡಿದಿರಬೇಕು,
ಪಕ್ಕದ ಭಟ್ಟಿಯ ಬ್ಲೋವರು ಗುರ್ರೆಂದಿತು.
ಬಲ್ಬು ಕಣ್ಣು ಕಿರಿದು ಮಾಡಿತು,
ಕಂಪ್ಯೂಟರು ಮಾತಿನ ನಡುವೆ ಹೊರಟೇಹೋಯಿತು.

ಸ್ವಿಚ್ ಬೋರ್ಡು ಬಿಚ್ಚಿದೆ.
ನ್ಯೂಟ್ರಲ್ ತಂತಿ ಸೇದಿ ಎಸೆದ ಬೀಡಿಯಂತೆ ಕರಕಲು.
ಕತ್ತರಿಸಿ, ಸುಲಿದು, ತಿರುಚಿ ಬಿಗಿದೆ.
ಕಾದೆವು.
ಬ್ಲೋವರು ಗುರ್ರೆಂದಿತು, ನಿಂತಿತು, ಮತ್ತೆ ಗುರ್ರೆಂದಿತು.
ಪರದೆಯಲ್ಲಿ ಹನ್ನೊಂದು ಭಟ್ಟಿ, ಸಾಲಾಗಿ, ಬಾಕಿ ಸಮೇತ.

ಇನ್ನೂರ ಐವತ್ತು ಎಣಿಸಿಕೊಟ್ಟಳು.
ಎಪ್ಪತ್ತು ವಾಪಸು ಕೊಟ್ಟೆ.
ಬೇಡವೆಂದರೂ ಕೇಳದೆ ಚೀಲವೊಂದನ್ನು ಸೈಕಲ್ಲಿಗೆ ಸಿಕ್ಕಿಸಿದಳು,
ಇನ್ನೂ ಬೆಚ್ಚಗಿತ್ತು.

ಗಲಗಲ ಅಂದ ಆ ಸ್ಕ್ರೂ ನನ್ನ ಜೇಬಿನಲ್ಲೇ ಇತ್ತು.
ಹುಡುಕಿದ್ದೆ, ಎರಡು ಸಲ: ಎಲ್ಲ ತೂತೂ ಭರ್ತಿ,
ಎಲ್ಲೂ ಜಾಗ ಖಾಲಿಯಿಲ್ಲ.
ಅಂಗಡಿಯ ಡಬ್ಬಿಗೆ ಹಾಕಿದೆ,
ಅಂಥವೇ ಮುನ್ನೂರರ ಜೊತೆಗೆ.